ಪದ ಪರಿಚಯ: ಮತಪೀಡನೆ

2022ರ ಜೂನ್ 5ರಂದು, ಪಂಚಾಶತ್ತಮ ಹಬ್ಬದ ಭಾನುವಾರ, ನೈಜೀರಿಯಾದ ಓವೊ ಪಟ್ಟಣದ ಸಂತ ಫ್ರಾನ್ಸಿಸ್ ಝೇವಿಯರ್ ಚರ್ಚಿನಲ್ಲಿ ಆರಾಧನೆಗೆ ಸೇರಿದ್ದವರ ಮೇಲೆ ಬಂದೂಕುಧಾರಿಗಳು ದಾಳಿ ಮಾಡಿ ಸುಮಾರು 40 ಜನರನ್ನು ಕೊಂದರು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮೊನ್ನೆ ಕೊಂಡ ವಾರಪತ್ರಿಕೆಯೊಂದರಲ್ಲಿ ಈ ಘಟನೆಯಿಂದಲೇ ಆರಂಭವಾಗುವ ಲೇಖನವಿತ್ತು. ಅದರ ತಲೆಬರಹ ‘ಕ್ರೈಸ್ತರಿಗೆ ತಪ್ಪದ ಕಿರುಕುಳ’. ಅದೇ ವಾರ ಧಾರವಾಡದ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು, ರಾತ್ರಿ ಹತ್ತು ಗಂಟೆಯ ನಂತರ ಧ್ವನಿವರ್ಧಕಕ್ಕೆ ಪೊಲೀಸರು ಅನುಮತಿ ಕೊಡದಿದ್ದುದನ್ನು ‘ಮತಪೀಡನೆ’ ಎಂದು ಕರೆದರು. ಆ ನಿಯಮ ಗಣೇಶೋತ್ಸವದ ಮಂಡಳಿಗೂ ಉರುಸಿಗೂ ಅನ್ವಯಿಸುತ್ತದೆ. ಕೊಲೆಗೆ ಚಿಕ್ಕ ಪದವನ್ನೂ ಅನಾನುಕೂಲಕ್ಕೆ ದೊಡ್ಡ ಪದವನ್ನೂ ಬಳಸುವ ಈ ಅದಲುಬದಲು ಹಲವು ವರ್ಷಗಳಿಂದ ನಡೆದುಬಂದಿದೆ. ಇನ್ನು ಸುಮ್ಮನಿರುವುದು ಸರಿಯಲ್ಲವೆಂದು ಇದನ್ನು ಬರೆಯುತ್ತಿದ್ದೇನೆ.

‘ಕಿರುಕುಳ’ದ ಮೊದಲರ್ಧವೇ ಅದರ ಅಳತೆಯನ್ನು ಹೇಳುತ್ತದೆ. ಕಿರುಬೆರಳು, ಕಿರುನಗೆ, ಕಿರುದಾರಿ ಎಂಬಲ್ಲಿರುವ ‘ಕಿರು’ವೇ ಇಲ್ಲಿಯೂ ಇರುವುದು. ಹಳಗನ್ನಡದ ‘ಕಿಱುಕುಳ’ಕ್ಕೆ ಅಲ್ಪ, ಕ್ಷುದ್ರ ಎಂಬ ಅರ್ಥಗಳಿದ್ದವು; ಕ್ಷುದ್ರವಾದ ಕಾಟ ಎಂಬ ಇಂದಿನ ಬಳಕೆ ಅದರಿಂದಲೇ ಬೆಳೆದದ್ದು. ವರದಕ್ಷಿಣೆ ಕಿರುಕುಳ, ಲೈಂಗಿಕ ಕಿರುಕುಳ ಎಂಬ ಪ್ರಯೋಗಗಳು ಬಳಕೆಯಲ್ಲಿ ನೆಲೆಯೂರಿವೆ ಎಂಬುದು ನಿಜ, ಆದರೆ ಅಲ್ಲಿಯೂ ಈ ಪದ ಅಪರಾಧವನ್ನು ಕುಗ್ಗಿಸುತ್ತದೆ ಎಂದೇ ನನ್ನ ಅಭಿಪ್ರಾಯ. ಇಡೀ ಜನಸಮುದಾಯವೊಂದನ್ನು ಅದರ ವಿಶ್ವಾಸದ ಕಾರಣಕ್ಕಾಗಿ ಮನೆ, ಊರು, ಪ್ರಾಣ ಇವುಗಳಿಂದ ಕೀಳುವ ಕೃತ್ಯಕ್ಕೆ ಅದು ಯಾವ ಕೋನದಿಂದಲೂ ಹೊಂದುವುದಿಲ್ಲ.

ಕನ್ನಡ ಬೈಬಲಿನಲ್ಲಿ ಇದಕ್ಕೆ ‘ಹಿಂಸೆ’ ಎಂಬ ಪದವಿದೆ. ಯೇಸುವಿನ ಶಿಷ್ಯರನ್ನು ಹಿಡಿಯಲು ಹೊರಟಿದ್ದ, ಮುಂದೆ ಪೌಲನೆನಿಸಿದ ಸೌಲನಿಗೆ ದಮಸ್ಕದ ದಾರಿಯಲ್ಲಿ ಕೇಳಿಸುವ ಯೇಸುವಿನ ಪ್ರಶ್ನೆಯಲ್ಲಿ, ನನ್ನನ್ನು ಏಕೆ ‘ಹಿಂಸೆಪಡಿಸುತ್ತೀ’ ಎಂದೇ ಇದೆ. ಅಲ್ಲಿನ ಗ್ರೀಕ್ ಕ್ರಿಯಾಪದ ‘ದಿಯೋಕೊ’ದ ಮೂಲಾರ್ಥ ಬೆನ್ನಟ್ಟು ಎಂದು; ಇಂಗ್ಲಿಷಿನ ‘ಪರ್ಸೆಕ್ಯೂಷನ್’ಗೆ ಮೂಲವಾದ ಲ್ಯಾಟಿನ್ನಿನ ‘ಪರ್ಸೆಕ್ವಿ’ಗೂ ಕೊನೆಯವರೆಗೆ ಹಿಂಬಾಲಿಸು ಎಂಬುದೇ ಮೊದಲ ಅರ್ಥ. ಸೌಲ ಮಾಡುತ್ತಿದ್ದುದು ಅಕ್ಷರಶಃ ಅದನ್ನೇ: ಯೆರೂಸಲೇಮಿನಿಂದ ಓಡಿಹೋದವರನ್ನು ದಮಸ್ಕದಲ್ಲಿ ಹಿಡಿದು ತರಲು ಮಹಾಯಾಜಕನ ಪತ್ರಗಳನ್ನು ಪಡೆದು ಹೊರಟಿದ್ದ. ಊರು ಬಿಟ್ಟರೂ ಬಿಡದೆ ಬೆನ್ನುಹತ್ತುವುದು ಎಂಬ ಈ ಅರ್ಥವನ್ನು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹರಳಯ್ಯ, ಮಧುವಯ್ಯರಿಗೆ ಎಳೆಹೂಟೆಯ ಶಿಕ್ಷೆಯಾದ ಮೇಲೆ ಕಲ್ಯಾಣ ಬಿಟ್ಟು ಹೊರಟ ಶರಣರನ್ನು ಸೈನ್ಯ ಬೆನ್ನಟ್ಟಿ ಬಂದ ಕಥೆಯನ್ನು ಉಳವಿಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ಪ್ರತಿಯೊಂದು ಮನೆಯಲ್ಲಿಯೂ ಕೇಳಿರುತ್ತಾರೆ.

ಹಾಗಾದರೆ ‘ಹಿಂಸೆ’ ಸಾಲದೆ? ಬೈಬಲಿನ ಅನುವಾದಕರ ಕಾಲಕ್ಕೆ ಸಾಕಾಗಿದ್ದಿರಬಹುದು. ಇಂದು ಆ ಪದ ಎರಡು ಕಡೆಗೆ ಜಾರಿದೆ. ಒಂದು ಕಡೆ, ಏಪ್ರಿಲ್ ತಿಂಗಳ ಬಿಸಿಲಿಗೂ ನಾವು ‘ಭಾಳ ಹಿಂಸಾ ಆಗೈತ್ರಿ’ ಎನ್ನುತ್ತೇವೆ. ಇನ್ನೊಂದು ಕಡೆ, ಪತ್ರಿಕೆಗಳಲ್ಲಿ ಹಿಂಸೆ ಎಂದರೆ ಕಲ್ಲು, ಬೆಂಕಿ, ರಕ್ತ ಮಾತ್ರ. ಒಂದು ಹನಿ ರಕ್ತವೂ ಬೀಳದೆ ನಡೆಯುವ ದಮನಕ್ಕೆ ಅದರಲ್ಲಿ ಜಾಗವಿಲ್ಲ. ಎರಿಟ್ರಿಯಾ ಸರಕಾರ 2002ರಲ್ಲಿ ಆರ್ಥೊಡಾಕ್ಸ್, ಕ್ಯಾಥೊಲಿಕ್, ಲೂಥರನ್ ಎಂಬ ಮೂರು ಸಭೆಗಳನ್ನೂ ಸುನ್ನಿ ಇಸ್ಲಾಮನ್ನೂ ಮಾನ್ಯ ಮಾಡಿ ಉಳಿದವುಗಳ ಪ್ರಾರ್ಥನಾಸ್ಥಳಗಳನ್ನು ಮುಚ್ಚಿಸಿತು. ಮಾನ್ಯವಾದ ಆರ್ಥೊಡಾಕ್ಸ್ ಸಭೆಯ ಮುಖ್ಯಸ್ಥರಾದ ಪೇಟ್ರಿಯಾರ್ಕ್ ಅಂಟೋನಿಯೊಸ್ ಅವರೂ ಸರಕಾರದ ಹಸ್ತಕ್ಷೇಪವನ್ನು ವಿರೋಧಿಸಿದ್ದಕ್ಕಾಗಿ ಪದವಿ ಕಳೆದುಕೊಂಡು ವರ್ಷಗಟ್ಟಲೆ ಗೃಹಬಂಧನದಲ್ಲಿದ್ದು 2022ರಲ್ಲಿ ತೀರಿಕೊಂಡರು. ಇದನ್ನು ಹಿಂಸಾಚಾರವೆಂದು ಯಾವ ವರದಿಗಾರನೂ ಬರೆಯುವುದಿಲ್ಲ.

ಆದ್ದರಿಂದ ನಾನು ‘ಪೀಡನೆ’ಯ ಪರವಾಗಿದ್ದೇನೆ. ಸಂಸ್ಕೃತದ ‘ಪೀಡ್’ ಧಾತುವಿಗೆ ಒತ್ತು, ಹಿಂಡು ಎಂಬ ಅರ್ಥವಿದೆ. ಎಳ್ಳಿನ ಎಣ್ಣೆ ತೆಗೆಯುವ ಗಾಣಿಗನನ್ನು ‘ತಿಲಪೀಡ’ ಎಂದು ಕರೆದದ್ದುಂಟು. ಗದಗ ಕಡೆಯ ನಮ್ಮ ಸೋದರಮಾವನ ಊರಿನಲ್ಲಿ ಕುಸುಬಿ ಎಣ್ಣೆಯ ಗಾಣವನ್ನು ನಾನು ಚಿಕ್ಕಂದಿನಲ್ಲಿ ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ಕಣ್ಣು ಕಟ್ಟಿದ ಎತ್ತು ಸುತ್ತುತ್ತಲೇ ಇರುತ್ತಿತ್ತು. ಯಾವ ಸುತ್ತಿನಲ್ಲಿ ಕಾಳು ಒಡೆಯಿತೆಂದು ಹೇಳಲು ಬರುತ್ತಿರಲಿಲ್ಲ, ಆದರೆ ಕೊನೆಗೆ ತಳದಲ್ಲಿ ಹಿಂಡಿಯೊಂದೇ ಉಳಿಯುತ್ತಿತ್ತು. ಬಿಡುವಿಲ್ಲದೆ ಒತ್ತಡ ಹೇರಿ ಸಾರವನ್ನು ಹೀರುವ ಆ ಕ್ರಿಯೆ ಈ ಪದದೊಳಗೆ ಇದೆ. ಹೊಸ ಒಡಂಬಡಿಕೆಯಲ್ಲಿ ‘ಹಿಂಸೆ’ಯ ಜೊತೆಗೆ ಹಲವೆಡೆ ಬರುವ ‘ಸಂಕಟ’ಕ್ಕೆ ಗ್ರೀಕಿನಲ್ಲಿರುವ ‘ಥ್ಲಿಪ್ಸಿಸ್’ ಎಂಬ ಪದದ ಅರ್ಥವೂ ಒತ್ತಡವೇ ಎಂಬುದನ್ನೂ, ಯೇಸು ತನ್ನ ಕೊನೆಯ ರಾತ್ರಿ ಪ್ರಾರ್ಥಿಸಿದ ಗೆತ್ಸೇಮನೆ ಎಂಬ ಹೆಸರಿಗೆ ಎಣ್ಣೆಗಾಣ ಎಂದೇ ಅರ್ಥವೆಂಬುದನ್ನೂ ಇಲ್ಲಿ ನೆನೆಯಬಹುದು.

ಎಲ್ಲಿಂದ ಪೀಡನೆ ಎನ್ನಬೇಕು ಎಂಬುದು ಮುಂದಿನ ಪ್ರಶ್ನೆ. ತಾರತಮ್ಯ ಬೇರೆ, ಪೀಡನೆ ಬೇರೆ. ಆದರೆ ಒಂದು ಮತ್ತೊಂದಕ್ಕೆ ದಾರಿಯಾಗುತ್ತದೆ. ಪಾಕಿಸ್ತಾನದ ಆಸಿಯಾ ಬೀಬಿಯ ಪ್ರಕರಣವನ್ನು ನಿಧಾನವಾಗಿ ನೋಡಿದರೆ ಆ ದಾರಿ ಕಾಣುತ್ತದೆ. 2009ರ ಜೂನ್ ತಿಂಗಳು, ಪಂಜಾಬಿನ ಒಂದು ಹಳ್ಳಿ, ಫಾಲ್ಸಾ ಹಣ್ಣು ಬಿಡಿಸುವ ಕೂಲಿ. ಆಕೆ ನೀರು ತಂದು ಬಟ್ಟಲಿನಿಂದ ಕುಡಿದಳು. ಕ್ರೈಸ್ತಳು ಮುಟ್ಟಿದ ಬಟ್ಟಲಿನ ನೀರು ತಮಗೆ ಬೇಡವೆಂದು ಜೊತೆಗಿದ್ದ ಹೆಂಗಸರು ಜಗಳ ತೆಗೆದರು. ಇಷ್ಟರವರೆಗೆ ನಡೆದದ್ದು ತಾರತಮ್ಯ. ಚಹಾ ಅಂಗಡಿಯ ಬೇರೆ ಲೋಟವನ್ನು ಕಂಡ ನಮಗೆ ಅದು ಹೊಸದಲ್ಲ. ಕೆಲವು ದಿನಗಳ ನಂತರ ಆಕೆ ಪ್ರವಾದಿಯ ನಿಂದನೆ ಮಾಡಿದಳೆಂಬ ದೂರು ದಾಖಲಾಯಿತು. 2010ರಲ್ಲಿ ನ್ಯಾಯಾಲಯ ಆಕೆಗೆ ಮರಣದಂಡನೆ ವಿಧಿಸಿತು. ಆಕೆಯ ಪರ ನಿಂತ ರಾಜ್ಯಪಾಲ ಸಲ್ಮಾನ್ ತಾಸೀರ್ ಅವರನ್ನು 2011ರ ಜನವರಿಯಲ್ಲಿ ಅವರ ಅಂಗರಕ್ಷಕನೇ ಕೊಂದ. ಧರ್ಮನಿಂದೆಯ ಕಾನೂನನ್ನು ಪ್ರಶ್ನಿಸಿದ ಸಚಿವ ಶಹಬಾಜ್ ಭಟ್ಟಿ ಅವರೂ ಅದೇ ಮಾರ್ಚಿನಲ್ಲಿ ಹತರಾದರು. 2018ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಆಕೆಯನ್ನು ನಿರ್ದೋಷಿಯೆಂದು ಬಿಟ್ಟಾಗ ಬೀದಿಗಳಲ್ಲಿ ಪ್ರತಿಭಟನೆಗಳು ನಡೆದವು, ಮರುವರ್ಷ ಆಕೆ ದೇಶ ಬಿಟ್ಟು ಕೆನಡಾಕ್ಕೆ ಹೋಗಬೇಕಾಯಿತು. ಒಂದು ಬಟ್ಟಲು ನೀರಿನ ಜಗಳಕ್ಕೆ ಕಾನೂನು, ಸೆರೆಮನೆ, ಗುಂಪು ಎಲ್ಲವೂ ಸೇರಿ ಆಕೆಗೆ ತನ್ನ ದೇಶದಲ್ಲಿ ಕಾಲೂರಲು ಜಾಗವಿಲ್ಲದಂತೆ ಮಾಡಿದ್ದೇ ಪೀಡನೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ 1998ರ ರೋಮ್ ಒಪ್ಪಂದವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ಒಂದು ಗುಂಪಿನ ಗುರುತಿನ ಕಾರಣಕ್ಕೆ ಅದರ ಮೂಲಭೂತ ಹಕ್ಕುಗಳನ್ನು ಉದ್ದೇಶಪೂರ್ವಕವಾಗಿ, ತೀವ್ರವಾಗಿ ಕಸಿಯುವುದು.

ಈ ವ್ಯತ್ಯಾಸವನ್ನು ಮರೆತಾಗ ಅಂಕಿಗಳೂ ಹಾಳಾಗುತ್ತವೆ. ಪೀಡನೆಗೊಳಗಾದ ಕ್ರೈಸ್ತರಿಗೆ ನೆರವಾಗುವ ಓಪನ್ ಡೋರ್ಸ್ ಸಂಸ್ಥೆಯ 2025ರ ಪಟ್ಟಿಯ ಪ್ರಕಾರ ಜಗತ್ತಿನಲ್ಲಿ 38 ಕೋಟಿ ಕ್ರೈಸ್ತರು ಹೆಚ್ಚಿನ ಮಟ್ಟದ ‘ಪೀಡನೆ ಮತ್ತು ತಾರತಮ್ಯ’ವನ್ನು ಎದುರಿಸುತ್ತಿದ್ದಾರೆ, ವಿಶ್ವಾಸದ ಕಾರಣಕ್ಕೆ ಕೊಲೆಯಾದವರೆಂದು ಅದು ಲೆಕ್ಕ ಹಾಕಿದ 4,476 ಜನರಲ್ಲಿ 3,100 ಜನ ನೈಜೀರಿಯಾದವರು. ನಮ್ಮಲ್ಲಿ ಈ ಅಂಕಿಯನ್ನು ಉದ್ಧರಿಸುವವರು ‘ಮತ್ತು ತಾರತಮ್ಯ’ವನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಅದನ್ನು ಅಲ್ಲಗಳೆಯುವವರು ಇಡೀ ಲೆಕ್ಕವೇ ಸುಳ್ಳೆನ್ನುತ್ತಾರೆ. ನೈಜೀರಿಯಾದ ನಡುಭಾಗದಲ್ಲಿ ಬೇಸಾಯಗಾರರಿಗೂ ದನಗಾಹಿಗಳಿಗೂ ನೆಲ-ನೀರಿನ ಜಗಳವಿದೆ, ಬೋಕೊ ಹರಾಮ್ ಎಂಬ ಉಗ್ರ ಸಂಘಟನೆ ಅಪಾರ ಸಂಖ್ಯೆಯ ಮುಸ್ಲಿಮರನ್ನೂ ಕೊಂದಿದೆ. ಇವೆರಡನ್ನೂ ಒಪ್ಪಿಕೊಂಡೇ, ಆರಾಧನೆಯ ಹೊತ್ತನ್ನು ನೋಡಿ ಓವೊದ ಚರ್ಚಿಗೆ ನುಗ್ಗಿದವರು ಹೊಲದ ಗಡಿಗಾಗಿ ಬಂದಿರಲಿಲ್ಲ ಎಂದು ಹೇಳಬಹುದು.

ಪೀಡಿಸುವವರು ಸದಾ ಅನ್ಯಮತದವರೆಂಬ ಊಹೆಯೂ ತಪ್ಪು. ಕ್ರೈಸ್ತರೇ ಬಹುಸಂಖ್ಯೆಯಲ್ಲಿರುವ ನಿಕರಾಗುವದಲ್ಲಿ, ಸರಕಾರವನ್ನು ಟೀಕಿಸಿದ ಕ್ಯಾಥೊಲಿಕ್ ಬಿಷಪ್ ರೊಲಾಂಡೊ ಆಲ್ವಾರೆಸ್ ಅವರಿಗೆ 2023ರಲ್ಲಿ 26 ವರ್ಷಗಳ ಸೆರೆವಾಸ ವಿಧಿಸಲಾಯಿತು. ಮರುವರ್ಷ ಬಿಡುಗಡೆ ಮಾಡಿ ದೇಶದಿಂದಲೇ ಹೊರಗಟ್ಟಿದರು.

‘ಗಲಭೆ’ ಎಂಬ ಪದದ ಬಗೆಗೂ ನನ್ನ ತಕರಾರಿದೆ. 2008ರ ಆಗಸ್ಟಿನಲ್ಲಿ ವಿಶ್ವ ಹಿಂದೂ ಪರಿಷತ್ತಿನ ಸ್ವಾಮಿ ಲಕ್ಷ್ಮಣಾನಂದ ಸರಸ್ವತಿಯವರ ಕೊಲೆಯ ನಂತರ ಒಡಿಶಾದ ಕಂಧಮಾಲ್‌ನಲ್ಲಿ ನಡೆದದ್ದನ್ನು ಇಂದಿಗೂ ಗಲಭೆಯೆಂದೇ ಬರೆಯುತ್ತಾರೆ. ಗಲಭೆಯಲ್ಲಿ ಎರಡು ಕಡೆಯವರು ಇರುತ್ತಾರೆ, ಅದು ತಣ್ಣಗಾದ ಮೇಲೆ ಜನ ಮನೆಗೆ ಮರಳುತ್ತಾರೆ. ಅಲ್ಲಿ ಸಾವಿರಾರು ಕ್ರೈಸ್ತ ಕುಟುಂಬಗಳು ಕಾಡು ಸೇರಿ, ಅಲ್ಲಿಂದ ಪರಿಹಾರ ಶಿಬಿರ ಸೇರಿದವು. ಊರಿಗೆ ಮರಳಬೇಕಾದರೆ ಮತ ಬಿಡಬೇಕೆಂಬ ಷರತ್ತು ಹಾಕಿದರೆಂದು ಸಂತ್ರಸ್ತರು ಹೇಳಿದ್ದಾರೆ. ಆ ಷರತ್ತು ಬಂದ ಕ್ಷಣಕ್ಕೆ ಗಲಭೆ ಎಂಬ ಪದ ಮುಗಿಯಿತು.

ಷರತ್ತಿನ ಈ ಗುರುತು ಬಹಳ ಹಳೆಯದು. ಕ್ರಿ.ಶ. 250ರ ಸುಮಾರಿಗೆ ರೋಮಿನ ಚಕ್ರವರ್ತಿ ಡೀಸಿಯಸ್ ಎಲ್ಲ ಪ್ರಜೆಗಳೂ ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದ. ಈಜಿಪ್ಟಿನ ಮರಳಿನಲ್ಲಿ ಅಂಥ ಪಪೈರಸ್ ಚೀಟಿಗಳು ಸಿಕ್ಕಿವೆ: ನಾನು ಸದಾ ದೇವತೆಗಳಿಗೆ ಬಲಿ ಕೊಟ್ಟಿದ್ದೇನೆ, ಈಗ ನಿಮ್ಮೆದುರು ನೈವೇದ್ಯವನ್ನು ರುಚಿ ನೋಡಿದ್ದೇನೆ, ಇದನ್ನು ದೃಢೀಕರಿಸಿರಿ ಎಂಬ ಅರ್ಥದ ನಾಲ್ಕಾರು ಸಾಲು, ಕೆಳಗೆ ಸಹಿ. 2014ರ ಜುಲೈನಲ್ಲಿ ಇರಾಕಿನ ಮೋಸುಲ್‌ನಲ್ಲಿ ಚೀಟಿಯ ಅಗತ್ಯವೂ ಬೀಳಲಿಲ್ಲ. ಐಎಸ್ (ಇಸ್ಲಾಮಿಕ್ ಸ್ಟೇಟ್) ಉಗ್ರರು ಕ್ರೈಸ್ತರ ಮನೆಗಳ ಗೋಡೆಯ ಮೇಲೆ ಕ್ರೈಸ್ತ ಎಂಬ ಅರ್ಥದ ‘ನಸ್ರಾನಿ’ ಪದದ ಮೊದಲಕ್ಷರವಾದ ಅರಬ್ಬಿಯ ‘ನೂನ್’ ಅನ್ನು ಬರೆದರು. ಬಟ್ಟಲಿನಂಥ ಒಂದು ಗೆರೆ, ಅದರ ಮೇಲೊಂದು ಚುಕ್ಕೆ. ಮತಾಂತರವಾಗಿ, ತಲೆಗಂದಾಯ ಕೊಡಿ, ಊರು ಬಿಡಿ, ಇಲ್ಲವೇ ಸಾಯಿರಿ ಎಂಬ ಗಡುವಿಗೆ ಅವರು ಊರು ಬಿಟ್ಟರು. ಹೋಗುವಾಗ ತಪಾಸಣೆಯ ಕಟ್ಟೆಗಳಲ್ಲಿ ಅವರ ಹಣ, ಒಡವೆಗಳನ್ನೂ ಕಿತ್ತುಕೊಂಡರು.

‘ಪೀಡನೆ’ಗೂ ಒಂದು ದೋಷವಿದೆ. ಅದರಿಂದ ಹುಟ್ಟುವ ‘ಪೀಡಿತ’ವನ್ನು ನಾವು ಬರಪೀಡಿತ ತಾಲೂಕು, ಕಾಮಾಲೆಪೀಡಿತ ಮಗು ಎಂದು ಬಳಸಿ ಬಳಸಿ, ಮಾಡಿದವನೇ ಇಲ್ಲದ ಸಂಕಟಕ್ಕೆ ಮೀಸಲಿಟ್ಟಿದ್ದೇವೆ. ಮಳೆ ಬಾರದಿದ್ದರೆ ಗದಗ ತಾಲೂಕು ಪೀಡಿತವಾಗುತ್ತದೆ, ಯಾರನ್ನೂ ಹೆಸರಿಸಬೇಕಾಗಿಲ್ಲ. ‘ಪೀಡಿತ ಕ್ರೈಸ್ತರು’ ಎಂದು ಬರೆದರೂ ಅದೇ ಆಗುತ್ತದೆ. ಆದ್ದರಿಂದ ಕ್ರಿಯಾಪದವನ್ನೇ ಬಳಸಿ, ಕರ್ತೃವನ್ನು ವಾಕ್ಯದ ಮೊದಲಿಗೆ ತರಬೇಕು: ಎರಿಟ್ರಿಯಾ ಸರಕಾರ ಕ್ರೈಸ್ತರನ್ನು ಪೀಡಿಸುತ್ತಿದೆ, ಮೋಸುಲ್‌ನ ಕ್ರೈಸ್ತರನ್ನು ಐಎಸ್ ಪೀಡಿಸಿ ಹೊರಗಟ್ಟಿತು. ತಲೆಬರಹಕ್ಕೆ ಇದು ಉದ್ದವಾಗುತ್ತದೆ ಎನ್ನುವ ಉಪಸಂಪಾದಕರಿಗೆ ನನ್ನ ಉತ್ತರವಿಷ್ಟೆ: ‘ತಪ್ಪದ’ ಎಂಬ ಪದವನ್ನು ತೆಗೆದರೆ ಆ ಜಾಗದಲ್ಲಿ ಕರ್ತೃವಿನ ಹೆಸರು ಹಿಡಿಸುತ್ತದೆ.