ಬೇಕರಿಗೆ ಪರದೆ ಬಂತು, ಗಲ್ಲಾ ಎಲ್ಲಿ ಹೋಯ್ತು?

ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆ ಕಡೆ ಹೊಸ ಬೇಕರಿ ಹಾಕುವವರಿಗೆ ಈಗ ಒಂದು ತಲೆನೋವು. ಗಿರಾಕಿಯೇ ಬೆರಳೊತ್ತಿ ಆರ್ಡರ್ ಕೊಡುವ ಪರದೆ ಇಡಬೇಕಾ? ಇಟ್ಟರೆ ಗಾಜಿನ ಕಪಾಟು ಎಲ್ಲಿಗೆ, ಗಲ್ಲಾ ಎಲ್ಲಿಗೆ? ಯಂತ್ರ ಮಾರುವವರು ಒಂದು ಹೇಳುತ್ತಾರೆ, ಇಂಟೀರಿಯರ್‌ನವರು ಇನ್ನೊಂದು.

ಗಿರಾಕಿಯೇ ಕೈಯಾರೆ ತಿಂಡಿ ತೆಗೆದುಕೊಳ್ಳುವ ಅಂಗಡಿ ಹೊಸದೇನಲ್ಲ. ನಾಣ್ಯ ಹಾಕಿ ಪುಟ್ಟ ಗಾಜಿನ ಬಾಗಿಲು ತೆರೆದು ತಿಂಡಿ ತೆಗೆಯುವ ಆಟೊಮ್ಯಾಟ್ 1902ರಲ್ಲೇ ಫಿಲಡೆಲ್ಫಿಯಾದಲ್ಲಿ ಶುರುವಾಗಿತ್ತು. ಅದನ್ನು ಶುರು ಮಾಡಿದ ಕಂಪನಿಯ ಕೊನೆಯ ಆಟೊಮ್ಯಾಟ್ ನ್ಯೂಯಾರ್ಕಿನಲ್ಲಿ 1991ರಲ್ಲಿ ಮುಚ್ಚಿತು. ಜಪಾನಿನ ಬೇಕರಿಗಳಲ್ಲಿ ಟ್ರೇ, ಇಕ್ಕಳ ಹಿಡಿದು ಬೇಕಾದ ಬನ್ ತಾವೇ ಆರಿಸಿಕೊಳ್ಳುವುದು ರೂಢಿ. ಟ್ರೇಯಲ್ಲಿ ಏನೇನಿದೆ ಅಂತ ಕ್ಯಾಮೆರಾದಲ್ಲೇ ಗುರುತಿಸಿ ಬಿಲ್ ಮಾಡುವ 'ಬೇಕರಿಸ್ಕ್ಯಾನ್' ಯಂತ್ರವೂ ಅಲ್ಲಿಯದೇ. (ಅದೇ ತಂತ್ರವನ್ನು ಆಮೇಲೆ ಕ್ಯಾನ್ಸರ್ ಕಣ ಹುಡುಕುವುದಕ್ಕೂ ಬಳಸಿ ನೋಡಿದರು!)

ನಮ್ಮ ಕಡೆಯ ಬೇಕರಿ ಬೇರೆ ದಾರಿಯಲ್ಲಿ ಬಂತು. ಕೇರಳದ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು 1880ರಲ್ಲಿ ಬಿಸ್ಕತ್ತು ಫ್ಯಾಕ್ಟರಿ ತೆರೆದರು. 1883ರಲ್ಲಿ ಅಲ್ಲೇ ಕ್ರಿಸ್ಮಸ್ ಕೇಕ್ ಆಯಿತು. ಅಲ್ಲಿಂದ ಮುಂದೆ ಪೇಟೆ ಪೇಟೆಗೂ ಒಂದೇ ನಕ್ಷೆ: ಎದುರಿಗೆ ಗಾಜಿನ ಕಪಾಟು, ಹಿಂದೆ ಒಬ್ಬರು, ಪಕ್ಕದಲ್ಲಿ ಗಲ್ಲಾ. ಪಫ್ಸ್, ರಸ್ಕ್, ಬಾಳೆಕಾಯಿ ಚಿಪ್ಸ್, ಹಲ್ವಾ. ಹಿಂದೆ ನಿಂತವರು ಮುಖ ನೋಡಿಯೇ ಕನ್ನಡದಲ್ಲೋ, ಮಲಯಾಳದಲ್ಲೋ, ತುಳುವಿನಲ್ಲೋ, ಬ್ಯಾರಿಯಲ್ಲೋ "ಎಂತ ಬೇಕು?" ಅನ್ನುತ್ತಾರೆ. ಒಂದು ತುಂಡು ಹಲ್ವಾ ಕೈಗಿಡುತ್ತಾರೆ, ತಿಂದು ನೋಡಿ ಅಂತ.

ಅಂಗಡಿಯ ನಕ್ಷೆ ಅಲುಗಾಡಿದ್ದು ಈ ಹತ್ತು ವರ್ಷದಲ್ಲಿ. 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು, ನವೆಂಬರ್‌ನಲ್ಲಿ ನೋಟು ರದ್ದಾಯಿತು. ಚಿಲ್ಲರೆ ಡಬ್ಬಿಯ ಪಕ್ಕ ಕ್ಯೂಆರ್ ಚೀಟಿ ಅಂಟಿತು. ಆಮೇಲೆ ದುಡ್ಡು ಬಂತು ಅಂತ ಕೂಗುವ ಪೆಟ್ಟಿಗೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಕರ್ನಾಟಕ-ಕೇರಳದ ತಲಪಾಡಿ ಗಡಿ ಮುಚ್ಚಿತು. ಅಂಗಡಿ ಮುಂದೆ ಸುಣ್ಣದ ವೃತ್ತ, ಒಳಗೆ ಮುಟ್ಟದೆ ವ್ಯಾಪಾರ. ದುಡ್ಡು ಎಣಿಸುವ ಕೆಲಸ ಹೋದಮೇಲೆ ಗಲ್ಲಾದಲ್ಲಿ ಕೂತವರು ಯಾಕೆ ಅನ್ನುವ ಪ್ರಶ್ನೆ ಆಗಲೇ ಹುಟ್ಟಿದ್ದು. ಹೆದ್ದಾರಿ 66 ಆರು ಪಥ ಆಗುವಾಗ ರಸ್ತೆ ಬದಿಯ ಎಷ್ಟೋ ಅಂಗಡಿಗಳನ್ನು ಹೇಗೂ ಹೊಸದಾಗಿ ಕಟ್ಟಬೇಕಾಯಿತು. ಹೊಸ ಕಟ್ಟಡ ಅಂದಮೇಲೆ ಹೊಸ ಆಸೆ, ಅಲ್ವಾ?

ತಪ್ಪು ನಡೆಯುವುದು ಮಾತ್ರ ಸಣ್ಣ ಸಣ್ಣ ವಿಷಯದಲ್ಲಿ. ಪರದೆಯನ್ನು ಬಾಗಿಲಿನ ಎದುರೇ ನಿಲ್ಲಿಸುತ್ತಾರೆ. ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯಾದರೆ ಸಂಜೆ ನಾಲ್ಕಕ್ಕೆ, ಚಾಯ ಕುಡಿಯಲು ಜನ ಬರುವ ಹೊತ್ತಿಗೇ, ಬಿಸಿಲು ಹೊಡೆದು ಅದರಲ್ಲಿ ಏನೂ ಕಾಣುವುದಿಲ್ಲ. ಹಿರಿಯರೊಬ್ಬರು ಅಂಗೈ ಮರೆ ಹಿಡಿದು ಬಗ್ಗಿ ಓದುತ್ತಾ ನಿಂತರೆ ಹಿಂದಿನ ಸಾಲು ರಸ್ತೆಗೇ ಬರುತ್ತದೆ. ಎತ್ತರವೂ ಅಷ್ಟೇ. ಅಮೆರಿಕದ ನಿಯಮದ ಪ್ರಕಾರ ಕೈ ಎಟಕಬೇಕಾದ ಜಾಗ ನೆಲದಿಂದ 48 ಇಂಚಿಗಿಂತ ಮೇಲಿರಬಾರದು. ಗಾಲಿಕುರ್ಚಿಯವರಿಗಾಗಿ ಮಾಡಿದ ನಿಯಮ ಅದು, ಗಿಡ್ಡ ಅಜ್ಜಿಯರಿಗೂ ಒದಗುತ್ತದೆ.

ಒಳ್ಳೆಯ ನಕ್ಷೆಯಲ್ಲಿ ಒಳಗೆ ಕಾಲಿಟ್ಟ ಕೂಡಲೇ ಕಾಣಬೇಕಾದದ್ದು ತಿಂಡಿ. ಪರದೆ ಪಕ್ಕದ ಗೋಡೆಗೆ, ಬಿಸಿಲು ತಾಗದ ಕಡೆ. ಆರ್ಡರ್ ಕೊಡುವ ಜಾಗ ಒಂದು, ಪೊಟ್ಟಣ ತೆಗೆದುಕೊಳ್ಳುವ ಜಾಗ ಇನ್ನೊಂದು. ಇಲ್ಲದಿದ್ದರೆ ಎರಡು ಸಾಲು ಸಿಕ್ಕಿಹಾಕಿಕೊಳ್ಳುತ್ತವೆ. ಮಳೆಗಾಲದಲ್ಲಿ ಕೊಡೆ ಇಡಲು ಬಾಗಿಲ ಬಳಿ ಒಂದು ಮೂಲೆ ಬೇಕು, ಒದ್ದೆ ಕೊಡೆ ಹಿಡಿದು ಯಾರು ಬೆರಳೊತ್ತುತ್ತಾರೆ? ಮುಖ್ಯವಾಗಿ, ಪರದೆ ಬಂದು ಕೈ ಖಾಲಿಯಾದ ಆಳನ್ನು ಮನೆಗೆ ಕಳಿಸುವ ಬದಲು ಕಪಾಟಿನ ಈಚೆ, ಗಿರಾಕಿಯ ಪಕ್ಕಕ್ಕೆ ತಂದು ನಿಲ್ಲಿಸಬೇಕು. ಖರ್ಚು ಉಳಿಸಲೆಂದೇ ಯಂತ್ರ ತಂದವರಿಗೆ ಈ ಮಾತು ರುಚಿಸುವುದಿಲ್ಲ, ಗೊತ್ತು.

ಇನ್ನು ಭಾಷೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಬೋರ್ಡು, ಫಾರ್ಮು, ಬಸ್ಸಿನ ಹೆಸರು ಅಂತ ನಡೆಯುತ್ತಿರುವ ಕನ್ನಡ-ಮಲಯಾಳ ಜಗಳ ಈಗ ಈ ಪರದೆಗೂ ಬಂದಿದೆ. ಇಂಗ್ಲಿಷ್, ಮಲಯಾಳ ಎರಡೇ ಇಟ್ಟರೆ, ಕಪಾಟಿನ ಹಿಂದೆ ನಿಂತವರು ನಾಲ್ಕು ಭಾಷೆಯಲ್ಲಿ ಮಾಡುತ್ತಿದ್ದ ಕೆಲಸ ಅರ್ಧಕ್ಕೆ ನಿಂತ ಹಾಗೆ. ಬೇಕರಿಯ ತಿಂಡಿ ಪಟ್ಟಿ ಎಷ್ಟು ದೊಡ್ಡದಿದ್ದೀತು? ಕನ್ನಡದಲ್ಲಿ ಟೈಪ್ ಮಾಡಿ ಹಾಕಲು ಒಂದು ಮಧ್ಯಾಹ್ನ ಸಾಕು. ಯಂತ್ರ ಕೊಳ್ಳುವ ದಿನವೇ ಕೇಳಿ ಬರೆಸಿಕೊಳ್ಳಬೇಕು. ಆಮೇಲೆ ಕೇಳಿದರೆ ಅದಕ್ಕೂ ಬೇರೆ ಬಿಲ್ ಬರುತ್ತದೆ.