ಒಂದು ಉದುರುವಾಗ ಇನ್ನೊಂದು ಅರಳಬೇಕು

ಫೆಬ್ರವರಿ ಬಂತೆಂದರೆ ಬೆಂಗಳೂರಿನ ಜನ ತಲೆಯೆತ್ತಿ ನಡೆಯುತ್ತಾರೆ. ಕಬ್ಬನ್ ಪಾರ್ಕಿನಲ್ಲಿ, ಜಯನಗರದ ರಸ್ತೆಗಳಲ್ಲಿ ಗುಲಾಬಿ ತಬೇಬುಯಾ ಕೊಂಬೆ ತುಂಬಾ ಹೂವಾಗಿರುತ್ತದೆ. ಬೆನ್ನಿಗೇ ಹಳದಿ ತಬೇಬುಯಾ. ಮಾರ್ಚ್‌ನಲ್ಲಿ ನೇರಳೆ ಜಕರಂಡಾ. ಏಪ್ರಿಲ್ ಮುಗಿಯುವಷ್ಟರಲ್ಲಿ ಗುಲ್‌ಮೊಹರ್ ಕೆಂಪಾಗುತ್ತದೆ. ಈ ಸರದಿ ಸುಮ್ನೆ ಬಂದದ್ದಲ್ಲ. ಲೆಕ್ಕ ಹಾಕಿ ನೆಟ್ಟವರಿದ್ದರು.

ಇವುಗಳಲ್ಲಿ ಒಂದೂ ನಮ್ಮ ನೆಲದ ಮರವಲ್ಲ. ಗುಲಾಬಿ ತಬೇಬುಯಾದ ತವರು ಮಧ್ಯ ಅಮೆರಿಕ. ಜಕರಂಡಾ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರ್‌ನದು. 1760ರಲ್ಲಿ ಹೈದರಾಲಿ ಶುರುಮಾಡಿದ ಲಾಲ್‌ಬಾಗ್‌ಗೆ ಹೊರದೇಶದ ಗಿಡಗಳು ಬರುತ್ತಲೇ ಇದ್ದವು. ಅಲ್ಲಿ ಬೆಳೆಸಿ ನೋಡಿ, ಒಗ್ಗಿದ್ದನ್ನು ಹೊರಗೆ ನೆಡುತ್ತಿದ್ದರು. ಆದರೆ ಇಡೀ ಊರನ್ನೇ ತೋಟದಂತೆ ಕಂಡವರು ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡಾಕ್ಕೆ ಬಂದು, ಅಲ್ಲಿಂದ 1908ರ ಹೊತ್ತಿಗೆ ಮೈಸೂರು ಸಂಸ್ಥಾನಕ್ಕೆ ಬಂದರು. 1932ರವರೆಗೆ ಲಾಲ್‌ಬಾಗ್ ನೋಡಿಕೊಂಡರು. ಒಂದು ಜಾತಿಯ ಹೂ ಉದುರುವಾಗ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳೂ ಊರು ಹೂವಿಲ್ಲದೆ ಇರಬಾರದು ಎಂಬುದು ಅವರ ಯೋಚನೆ. ಎಂಥ ದೊಡ್ಡ ಮನಸ್ಸು ಅಲ್ವಾ? ನೆಟ್ಟ ಮರ ತುಂಬಿ ಅರಳುವುದನ್ನು ನೋಡಲು ವರ್ಷಗಟ್ಟಲೆ ಕಾಯಬೇಕು. ಅವರು ಕಾದರು. 1956ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಈ ಲೆಕ್ಕ ನಡೆಯುವುದಕ್ಕೆ ನಮ್ಮ ಹವೆಯೂ ಕಾರಣ. ಚಳಿ ಮುಗಿದು ನೆಲ ಒಣಗಿದಾಗ ತಬೇಬುಯಾ ಎಲೆ ಉದುರಿಸುತ್ತದೆ, ಆಮೇಲೆ ಅರಳುತ್ತದೆ. ಎಲೆಯ ಮರೆ ಇಲ್ಲದ್ದರಿಂದಲೇ ಹೂವು ಅಷ್ಟು ದೂರಕ್ಕೂ ಕಾಣುವುದು.

ಊರು ಬೆಳೆದಂತೆ ಹೊಸ ಬಡಾವಣೆಗಳು ಬೋಳಾಗಿದ್ದವು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ತಂಡ ಐದೇ ವರ್ಷದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟಿತು. ಇಂದು ನಾವು ನೆರಳಿಗೆ ನಿಲ್ಲುವ ಎಷ್ಟೋ ಮರಗಳು ಆಗಿನವು.

ನಮ್ಮ ಹೊಂಗೆಯ ಫೋಟೊ ಯಾರೂ ಜಾಸ್ತಿ ತೆಗೆಯುವುದಿಲ್ಲ. ನನಗೆ ಅದೇ ಹೆಚ್ಚು ಇಷ್ಟ. ಯುಗಾದಿ ಹೊತ್ತಿಗೆ ಎಳೆ ಹಸಿರು ಚಿಗುರು, ಕೆಳಗೆ ಮಂಡಕ್ಕಿ ಚೆಲ್ಲಿದ ಹಾಗೆ ಹೂವು, ಮೇಲೆ ಜೇನಿನ ಸದ್ದು. ಬೇಸಿಗೆಯಲ್ಲಿ ಅದರಡಿ ನಿಂತವರಿಗೇ ಗೊತ್ತು ಆ ತಂಪು.

ಈಗ ಹಳೆಯ ಸಾಲುಗಳಲ್ಲಿ ಹಲ್ಲು ಉದುರಿದಂತೆ ಜಾಗ ಖಾಲಿಯಾಗುತ್ತಿದೆ. ರಸ್ತೆ ಅಗಲ ಮಾಡಲು ಕೆಲವನ್ನು ಕಡಿದರು. ಕೆಲವಕ್ಕೆ ಬುಡದವರೆಗೂ ಕಾಂಕ್ರೀಟ್ ಹಾಕಿ ಬೇರಿಗೆ ನೀರು, ಗಾಳಿ ತಪ್ಪಿಸಿದರು. ಗುಲ್‌ಮೊಹರ್‌ನ ಬೇರು ಆಳಕ್ಕಿಳಿಯುವುದಿಲ್ಲ, ಕೊಂಬೆಯೂ ಮೆದು. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಬೀಳುವುದರಲ್ಲಿ ಅದೂ ಒಂದು. ಬಿದ್ದ ಕಡೆ ಕಕ್ಕೆ ನೆಡಬಹುದು. ಅದು ನಮ್ಮ ಕಾಡಿನದೇ ಮರ. ಏಪ್ರಿಲ್, ಮೇ ತಿಂಗಳಲ್ಲೇ ಹಳದಿ ಗೊಂಚಲು ಇಳಿಬಿಡುತ್ತದೆ. ಕ್ರುಂಬಿಗಲ್ ಹಾಕಿಕೊಟ್ಟ ಸರದಿಯೂ ತಪ್ಪುವುದಿಲ್ಲ.