ಜೈಲಿಗೆ ಹೋಗಿ ಬಂದರೆ ಜೀವನಾಂಶದ ಬಾಕಿ ಮಾಫಿಯೇ?

ಪ್ರಶ್ನೆ: ಮಗುವಿನ ಜೀವನಾಂಶಕ್ಕೆ ಗಂಡ ತಿಂಗಳಿಗೆ 5,000 ರೂಪಾಯಿ ಕೊಡಬೇಕೆಂದು ಕುಟುಂಬ ನ್ಯಾಯಾಲಯ ಹೇಳಿದೆ. ಹತ್ತು ತಿಂಗಳಿಂದ ಒಂದು ಪೈಸೆ ಬಂದಿಲ್ಲ. ವಾರಂಟು ಆಗಿದೆ, ಪೊಲೀಸರು ಹಿಡಿಯುತ್ತಿಲ್ಲ. ಹಿಡಿದರೂ ಏನು, ಒಂದು ತಿಂಗಳು ಒಳಗಿದ್ದು ಬಂದರೆ ಬಾಕಿ ಮಾಫಿಯಂತೆ, ಹೌದಾ? (ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಓದುಗರೊಬ್ಬರು)

ಉತ್ತರ: ಅಲ್ಲ. ಅಲ್ಲವೇ ಅಲ್ಲ. ಇದನ್ನು ಎಷ್ಟು ಸಲ ಬರೆದೆನೋ ಲೆಕ್ಕ ಇಲ್ಲ. ಊರಿನ ಹೆಸರು ಮಾತ್ರ ಬದಲು, ಒಮ್ಮೆ ಉಪ್ಪಳ, ಒಮ್ಮೆ ಕುಂಬಳೆ.

1988ರಲ್ಲೇ ಸುಪ್ರೀಂ ಕೋರ್ಟು ಕುಲದೀಪ್ ಕೌರ್ ಪ್ರಕರಣದಲ್ಲಿ ಈ ಮಾತು ತೀರ್ಮಾನಿಸಿದೆ. ಜೈಲು ಎಂದರೆ ಹಣ ಕಕ್ಕಿಸಲು ಹಾಕುವ ಒತ್ತಡ, ಹಣದ ಬದಲಿ ಅಲ್ಲ. ದುಡ್ಡು ಕೊಟ್ಟರೆ ಮಾತ್ರ ಸಾಲ ತೀರುವುದು. ನಿಮ್ಮದೇ ಲೆಕ್ಕ ನೋಡಿ. ಹತ್ತು ತಿಂಗಳಿಗೆ 50,000. ಅವರು ಒಳಗಿದ್ದು ಬಂದ ದಿನವೂ ಬಾಕಿ 50,000ವೇ. ಒಳಗಿದ್ದ ತಿಂಗಳಿನದ್ದೂ ಸೇರಿದರೆ 55,000! ಈ 'ಮಾಫಿ' ಕಥೆಯನ್ನು ಹಬ್ಬಿಸಿದವರು ಯಾರೋ ಗೊತ್ತಿಲ್ಲ, ಆದರೆ ಕೊಡಬೇಕಾದ ಗಂಡಂದಿರಿಗೆ ಇದು ಬಹಳ ಇಷ್ಟ. ಹೆಂಗಸರು ಇದನ್ನು ನಂಬಿ, "ಜೈಲಿಗೆ ಹಾಕಿಸಿದರೆ ನಮಗೇ ನಷ್ಟ" ಎಂದು ಅರ್ಜಿಯನ್ನೇ ಹಾಕುವುದಿಲ್ಲ. ಅಲ್ಲೇ ಇರುವುದು ನಿಜವಾದ ನಷ್ಟ. ಯಾಕೆಂದರೆ ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ತಿಂಗಳಿನ ಬಾಕಿಗೆ ವಾರಂಟು ಸಿಗುವುದಿಲ್ಲ. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 144. ನಂಬರು ಬದಲಾಯಿತು, ಒಂದು ವರ್ಷದ ಗಡುವು ಹಾಗೇ ಇದೆ.

ಇನ್ನು ಪೊಲೀಸರ ವಿಷಯ. ಒಬ್ಬಾಕೆಯ ಫೈಲಿನಲ್ಲಿ ಮೂರು ಸಲ "ಆಸಾಮಿ ಊರಲ್ಲಿಲ್ಲ" ಎಂದು ಬರೆದು ವಾರಂಟು ವಾಪಸ್ ಬಂದಿತ್ತು. ಆ ಆಸಾಮಿ ಅದೇ ವಾರ ಮದುವೆ ಮನೆಯಲ್ಲಿ ಸಾಂಬಾರು ಬಡಿಸುತ್ತಿದ್ದ ಫೋಟೋ ಆಕೆಯ ಮೊಬೈಲಿನಲ್ಲಿತ್ತು! ಠಾಣೆಯ ಮೆಟ್ಟಿಲು ಹತ್ತಿ ಇಳಿಯುವುದನ್ನು ಬಿಡಿ. ಇಂಥ ಫೋಟೋ, ಹೊಸ ವಿಳಾಸ, ಕೆಲಸದ ಜಾಗ ಎಲ್ಲ ಹಾಕಿ ಅದೇ ಕೋರ್ಟಿಗೆ ಅರ್ಜಿ ಕೊಡಿ. ಠಾಣೆಯಿಂದ ವರದಿ ತರಿಸಲು, ಜಿಲ್ಲಾ ಎಸ್ಪಿ ಮೂಲಕ ವಾರಂಟು ಕಳಿಸಲು ಕೇಳಿ. ಸಂಬಳದವರಾದರೆ ಸಂಬಳದಿಂದ, ತೋಟ ಇದ್ದರೆ ತೋಟ ಜಪ್ತಿ ಮಾಡಿ ವಸೂಲಿಗೂ ಕೇಳಬಹುದು. ಜೀವನಾಂಶದ ಆದೇಶವನ್ನು ಸಿವಿಲ್ ಡಿಕ್ರಿಯಂತೆ, ಅಂದರೆ ಹಣ ಕೊಡಿ ಎಂದು ಸಿವಿಲ್ ಕೋರ್ಟು ಕೊಟ್ಟ ತೀರ್ಪಿನಂತೆಯೇ, ಜಾರಿ ಮಾಡಬಹುದು ಎಂದು ಸುಪ್ರೀಂ ಕೋರ್ಟಿನ 2020ರ ರಜನೀಶ್–ನೇಹಾ ತೀರ್ಪಿನಲ್ಲಿದೆ. ಇಷ್ಟಾದರೂ ಅಲುಗಾಡದಿದ್ದರೆ ಕೊಚ್ಚಿಯ ಹೈಕೋರ್ಟಿನಲ್ಲಿ ರಿಟ್, ಅಂದರೆ ಪೊಲೀಸರಿಗೆ ಆದೇಶ ಕೊಡಿ ಎಂದು ಕೇಳುವ ಅರ್ಜಿ. ಖರ್ಚಿನ ಚಿಂತೆ ಬೇಡ, ಹೆಂಗಸರಿಗೂ ಮಕ್ಕಳಿಗೂ ವರಮಾನ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು ಕಾನೂನೇ ಇದೆ. ಕಾಸರಗೋಡಿನ ವಿದ್ಯಾನಗರದ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ, 15100ಕ್ಕೆ ಫೋನ್ ಮಾಡಿದರೂ ಆಯಿತು.

ತಲಪಾಡಿ ದಾಟಿ ಮಂಗಳೂರಿನಲ್ಲಿ ಕೂತರೆ ಕೇರಳದ ಆದೇಶ ನಡೆಯದು ಎನ್ನುವವರೂ ಇದ್ದಾರೆ. ಸುಮ್ನೆ ಮಾತು. ಆತ ಇರುವ ಊರಿನ ಮ್ಯಾಜಿಸ್ಟ್ರೇಟರೂ ಅದನ್ನು ಜಾರಿ ಮಾಡಬಹುದು, ಅದೇ ಸಂಹಿತೆಯ 147ನೇ ಕಲಂ.

ನೀವು ಕೇಳಲಿಲ್ಲ, ಆದರೆ ನಮ್ಮ ಕಡೆ ಈ ಮಾತು ಗಲ್ಫ್ ಮುಟ್ಟದೆ ಮುಗಿಯುವುದಿಲ್ಲ ಅಲ್ವಾ? ದುಬೈಗೆ ಹಾರಿದರೂ ಊರಲ್ಲಿರುವ ಜಾಗ, ಬ್ಯಾಂಕ್ ಖಾತೆ ಇಲ್ಲೇ ಇರುತ್ತದೆ. ಅದರ ಮೇಲೆ ಜಪ್ತಿ ಕೇಳಿ. ಕೋರ್ಟಿನ ವಾರಂಟು ಇದೆ ಎಂದು ಗೊತ್ತಾದರೆ ಪಾಸ್‌ಪೋರ್ಟ್ ಕಚೇರಿ 1967ರ ಕಾಯ್ದೆಯ 10ನೇ ಕಲಂ ಪ್ರಕಾರ ಪಾಸ್‌ಪೋರ್ಟ್ ತಡೆಹಿಡಿಯಲೂಬಹುದು. ಅದಕ್ಕೆ ಪಾಸ್‌ಪೋರ್ಟ್ ನಂಬರು ಕೈಯಲ್ಲಿದ್ದರೆ ಕೆಲಸ ಸುಲಭ. ಹಳೆಯ ವೀಸಾದ ಜೆರಾಕ್ಸು, ಮಗುವಿನ ಪಾಸ್‌ಪೋರ್ಟಿಗೆ ಕೊಟ್ಟ ಅರ್ಜಿಯ ಪ್ರತಿ, ಇವೆಲ್ಲ ಕಪಾಟಿನಲ್ಲಿ ಇದೆಯಾ, ಇವತ್ತೇ ನೋಡಿ.